ಪುಟ್ಟ ಮಕ್ಕಳಿರುವ ಮನೆಯ ದಿನಚರಿ

ಶನಿವಾರ ಬೆಳಿಗ್ಗೆ ನಮ್ಮ ಕನ್ನಡ ಶಾಲೆಯ ಬಾಗಿಲಲ್ಲಿ ಯಾವ ಅಮ್ಮನನ್ನು "ಹೇಗಿದ್ದೀರಾ?" ಅಂತ ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ: "ಓಡ್ತಾನೇ ಇದ್ದೀನಿ ಕಣ್ರೀ." ಒಂದು ಕೈಯಲ್ಲಿ ಚಿಕ್ಕದು, ಇನ್ನೊಂದು ಕೈಯಲ್ಲಿ ದೊಡ್ಡದರ ಪುಸ್ತಕದ ಚೀಲ, ಬಾಯಲ್ಲಿ ಕಾರಿನ ಕೀ. ಊರಲ್ಲಾದರೆ ಒಂದು ಮಗುವಿಗೆ ಅಜ್ಜಿ ತುತ್ತು ತಿನ್ನಿಸುವಾಗ ಇನ್ನೊಂದಕ್ಕೆ ಅಮ್ಮ ಎಣ್ಣೆ ಹಚ್ಚಬಹುದು. ಪಾತ್ರೆ ತೊಳೆಯೋಕೆ ಯಾರಾದರೂ ಬರ್ತಾರೆ. ಹಾಲು ತರೋಕೆ ಚಿಕ್ಕಪ್ಪ ಹೋಗ್ತಾನೆ. ಇಲ್ಲಿ ಇಂಗ್ಲೆಂಡಿನಲ್ಲಿ ಅಷ್ಟೂ ಜನರ ಕೆಲಸ ಇಬ್ಬರು ದೊಡ್ಡವರ ಪಾಲಿಗೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ, ನಿಜ ಹೇಳಬೇಕೆಂದರೆ, ಒಬ್ಬರ ಪಾಲಿಗೆ.

ಈ ಲೇಖನ ಆ ಒಬ್ಬರಿಗಾಗಿ. ಮಕ್ಕಳೇ, ನಿಮಗೂ ಒಂದು ಭಾಗ ಇದೆ, ಕೊನೆಯಲ್ಲಿ. ಆದರೆ ಮೊದಲಿನ ಭಾಗವನ್ನೂ ಅಮ್ಮನ ಜೊತೆ ಕೂತು ಓದಿಸಿಕೊಳ್ಳಿ. ನಿಮ್ಮ ಬಗ್ಗೆಯೇ ಇದೆ.

ದಿನಚರಿ ಅಂದರೆ ಡೈರಿ ಅಂತಲೂ ಅರ್ಥ ಇದೆ. ಇಲ್ಲಿ ನಾನು ಹೇಳ್ತಿರೋದು ದಿನ ನಡೆಯುವ ಕ್ರಮ, ಯಾವುದರ ನಂತರ ಯಾವುದು ಅನ್ನೋದು. ಇದನ್ನು ಬರೆಯೋಕೆ ಕೂತವರು ಸಾಮಾನ್ಯವಾಗಿ "ಬೆಳಿಗ್ಗೆ 6 ಗಂಟೆ: ಏಳುವುದು" ಅಂತ ಶುರು ಮಾಡ್ತಾರೆ. ಅಲ್ಲಿಂದ ಶುರು ಮಾಡಬೇಡಿ. ರಾತ್ರಿಯಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ. ಯಾಕೆಂದರೆ ಪುಟ್ಟ ಮಕ್ಕಳ ದಿನದಲ್ಲಿ ಚೌಕಾಸಿ ಮಾಡಲಾಗದ ಒಂದೇ ಸಂಗತಿ ನಿದ್ದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಸಲಹೆ ಹೀಗಿದೆ: 1ರಿಂದ 2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ, 6ರಿಂದ 12ರವರಿಗೆ 9ರಿಂದ 12 ಗಂಟೆ. ಚಿಕ್ಕವರಿಗೆ ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿದೆ.

ಈಗ ಲೆಕ್ಕ ಹಾಕಿ. ಐದು ವರ್ಷದ ಮಗು, ಮಧ್ಯಾಹ್ನ ಮಲಗೋದು ಬಿಟ್ಟಾಗಿದೆ. ಅದಕ್ಕೆ 11 ಗಂಟೆ ನಿದ್ದೆ ಅಂತ ಇಟ್ಟುಕೊಳ್ಳೋಣ. ಶಾಲೆ 8.45ಕ್ಕೆ, ಮನೆ ಬಿಡೋದು 8.20ಕ್ಕೆ, ಏಳೋದು 7ಕ್ಕೆ. ಹಾಗಾದರೆ ರಾತ್ರಿ 8ಕ್ಕೆ ಕಣ್ಣು ಮುಚ್ಚಿರಬೇಕು. ಕಣ್ಣು ಮುಚ್ಚಬೇಕಾದರೆ 7.30ಕ್ಕೆ ಹಾಸಿಗೆಯಲ್ಲಿರಬೇಕು. ಅದಕ್ಕೆ ಮುಂಚೆ ಸ್ನಾನ, ಹಲ್ಲುಜ್ಜೋದು, ನೈಟ್ ಡ್ರೆಸ್: 6.50ಕ್ಕೆ ಶುರು. ಅದಕ್ಕೂ ಮುಂಚೆ ಊಟ, 6.15ಕ್ಕೆ. ಅಮ್ಮ ಅಪ್ಪ ಇಬ್ಬರೂ ಆಫೀಸಿಗೆ ಹೋಗುವವರಾದರೆ ಮಗುವನ್ನು ಆಫ್ಟರ್ ಸ್ಕೂಲ್ ಕ್ಲಬ್ಬಿನಿಂದ ಕರ್ಕೊಂಡು ಮನೆಗೆ ಬರೋ ಹೊತ್ತಿಗೆ 5.45. ಅಂದರೆ ಮನೆಯ ಬಾಗಿಲು ತೆಗೆದಲ್ಲಿಂದ ಹಾಸಿಗೆ ಹತ್ತೋವರೆಗೆ ಇರೋದು ಒಂದು ಮುಕ್ಕಾಲು ಗಂಟೆ. ಬೆಳಿಗ್ಗೆ ಎದ್ದು ಹೊರಡೋವರೆಗೆ ಇನ್ನೊಂದು ಗಂಟೆ ಇಪ್ಪತ್ತು ನಿಮಿಷ. ಎರಡೂ ಸೇರಿಸಿದರೆ ಮೂರು ಗಂಟೆ ಐದು ನಿಮಿಷ.

ವಾರದ ಐದು ದಿನ, ದಿನಕ್ಕೆ ಮೂರು ಗಂಟೆ. ಇಷ್ಟೇ. ಈ ಸಂಖ್ಯೆಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿದ ಮೇಲೆ "ಎಲ್ಲಾ ಮಾಡ್ತೀನಿ" ಅನ್ನೋ ಹಟ ತಾನಾಗಿ ಕಡಿಮೆಯಾಗುತ್ತದೆ. ಮೂರು ಗಂಟೆಯಲ್ಲಿ ಪಿಯಾನೋ, ಈಜು, ಅಬಾಕಸ್, ಬಿಸಿ ಬಿಸಿ ಅಡುಗೆ, ಶಾಲೆಯ ಓದು, ಶ್ಲೋಕ, ಊರಿಗೆ ಫೋನು ಎಲ್ಲಾ ಹಿಡಿಸಲ್ಲ. ಹಿಡಿಸೋಕೆ ಹೋದರೆ ಒಂದು ಕಡೆ ಸೋರುತ್ತದೆ, ಅದು ಬಹುಮಟ್ಟಿಗೆ ಮಗುವಿನ ನಿದ್ದೆಯ ಕಡೆ ಅಥವಾ ಅಮ್ಮನ ನಿದ್ದೆಯ ಕಡೆ.

ಇನ್ನೊಂದು ಸಂಗತಿ ಇದೆ. ಕನ್ನಡ ಶಾಲೆ ವಾರಕ್ಕೆ 2 ಗಂಟೆ. ಮನೆಯ ಈ ದಿನಕ್ಕೆ ಮೂರು ಗಂಟೆ ಅಂದರೆ ವಾರದ ದಿನಗಳಲ್ಲೇ 15 ಗಂಟೆ. ನಾವು ಟೀಚರ್‌ಗಳು ತರಗತಿಯಲ್ಲಿ ಏನೇ ಸರ್ಕಸ್ ಮಾಡಿದರೂ ಮಗುವಿನ ಬಾಯಿಗೆ ಕನ್ನಡ ಬರೋದು ಆ 15 ಗಂಟೆಯಿಂದ. ಆದರೆ ಆ ಹೊತ್ತಲ್ಲಿ ಮಗುವಿನ ಕಿವಿಗೆ ಬೀಳೋ ಕನ್ನಡ ಯಾವುದು? ಒಂದು ಬೆಳಿಗ್ಗೆ ಗಮನಿಸಿ ನೋಡಿ. ಏಳು. ಬಾ. ಹಲ್ಲುಜ್ಜು. ತಿನ್ನು. ನುಂಗು. ಕುಡಿ. ಶೂ ಹಾಕ್ಕೋ. ಬೇಗ. ಬೇಗ ಬೇಗ. ತಡ ಆಯ್ತು. ಎಷ್ಟು ಸಲ ಹೇಳಬೇಕು? ಒಂದೊಂದೂ ಅಪ್ಪಟ ಕನ್ನಡವೇ, ಆದರೆ ಎಲ್ಲಾ ಆಜ್ಞೆ. ಇದಕ್ಕೆ ಮಗು ಮಾತಾಡಿ ಉತ್ತರ ಕೊಡಬೇಕಾಗಿಲ್ಲ, ಶೂ ಹಾಕ್ಕೊಂಡರೆ ಸಾಕು. ಹಾಗಾಗಿ ಅದಕ್ಕೆ ಕನ್ನಡ ಅರ್ಥ ಆಗುತ್ತದೆ, ಆಡೋಕೆ ಬರಲ್ಲ. ಅದೇ ಮಗು ಸಂಜೆ ನಿಧಾನವಾಗಿ ಅಮ್ಮನ ಮಡಿಲಲ್ಲಿ ಕೂತು ಕೇಳೋ ಕಥೆ ಶಾಲೆಯಿಂದ ಬಂದ ಇಂಗ್ಲಿಷ್ ಪುಸ್ತಕದ್ದು, ನಗ್ತಾ ನೋಡೋ ಕಾರ್ಟೂನ್ ಇಂಗ್ಲಿಷಿನದು. ಅವಸರ, ಗದರಿಕೆ ಎಲ್ಲಾ ಕನ್ನಡದಲ್ಲಿ, ನಗು ಮತ್ತು ಪುರುಸೊತ್ತು ಇಂಗ್ಲಿಷಿನಲ್ಲಿ. "ನನ್ನ ಮಗ ಕನ್ನಡದಲ್ಲಿ ಮಾತಾಡೋದೇ ಇಲ್ಲ" ಅಂತ ನಮ್ಮ ಹತ್ತಿರ ಬರೋ ದೂರುಗಳಲ್ಲಿ ಬಹಳಷ್ಟರ ಬೇರು ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಅದು ಪಾಠದ ಸಮಸ್ಯೆ ಅಲ್ಲ, ದಿನಚರಿಯ ಸಮಸ್ಯೆ.

ಆದ್ದರಿಂದ ದಿನಚರಿ ಹಾಕುವಾಗ ಎರಡು ಕೆಲಸ. ಬೆಳಗಿನಿಂದ ಏನನ್ನಾದರೂ ತೆಗೆದು ಹಾಕಿ ಅವಸರ ಇಳಿಸೋದು. ಸಂಜೆಯಲ್ಲಿ ಒಂದು ನಿಧಾನದ ಹೊತ್ತು ಮಾಡಿ ಅದನ್ನು ಕನ್ನಡಕ್ಕೆ ಕೊಡೋದು.

ಬೆಳಗಿನದು ಮೊದಲು. ಬೆಳಿಗ್ಗೆ ಮಾಡುವ ಕೆಲಸಗಳಲ್ಲಿ ಬೆಳಿಗ್ಗೆಯೇ ಮಾಡಬೇಕಾದದ್ದು ಬಹಳ ಕಡಿಮೆ. ಯೂನಿಫಾರ್ಮ್, ಸಾಕ್ಸ್, ಪಿಇ ಕಿಟ್, ನೀರಿನ ಬಾಟಲಿ, ಸಹಿ ಹಾಕಿ ಕಳಿಸಬೇಕಾದ ಕಾಗದ, ಎಲ್ಲಾ ಹಿಂದಿನ ರಾತ್ರಿ ಬಾಗಿಲ ಹತ್ತಿರದ ಒಂದೇ ಜಾಗಕ್ಕೆ ಬಂದಿರಲಿ. ಒಂದು ಸಾಕ್ಸ್ ಹುಡುಕೋ ಹೊತ್ತಲ್ಲಿ ಒಂದು ದೋಸೆ ತಿನ್ನಿಸಬಹುದು.

ಊಟದ ಡಬ್ಬಿಯ ವಿಷಯದಲ್ಲಿ ನಮ್ಮ ಅಮ್ಮಂದಿರಿಗೆ ಸ್ವಲ್ಪ ಹಟ ಇದೆ, ಅದನ್ನು ಬಿಡಬಹುದು ಅನ್ನಿಸುತ್ತದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್, ಇಯರ್ 1 ಮತ್ತು ಇಯರ್ 2 ಮಕ್ಕಳೆಲ್ಲರಿಗೂ ಮಧ್ಯಾಹ್ನದ ಊಟ 2014ರ ಸೆಪ್ಟೆಂಬರ್‌ನಿಂದ ಉಚಿತ. ಸಸ್ಯಾಹಾರಿ ಊಟ ಇರುತ್ತದೆ. "ಬೇಯಿಸಿದ ಬಟಾಣಿ, ಆಲೂಗಡ್ಡೆ, ಪಾಸ್ತಾ ಬಿಟ್ಟರೆ ಏನಿದೆ ಅದರಲ್ಲಿ?" ಅಂತ ನೀವು ಕೇಳಬಹುದು. ಏನೂ ಇಲ್ಲ, ನಿಜ. ಆದರೆ ಬೆಳಗಿನ ಇಪ್ಪತ್ತು ನಿಮಿಷ ಇದೆ. ಬೆಳಿಗ್ಗೆ ಮತ್ತು ರಾತ್ರಿ ಮನೆಯ ಊಟ ಸಿಗುವ ಮಗುವಿಗೆ ಮಧ್ಯಾಹ್ನ ಒಂದು ಹೊತ್ತು ಗೆಳೆಯರ ಜೊತೆ ಪಾಸ್ತಾ ತಿಂದರೆ ಏನೂ ಆಗಲ್ಲ.

ಡಬ್ಬಿ ಕಟ್ಟಲೇಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಇಲ್ಲಿನ ಬಹಳಷ್ಟು ಶಾಲೆಗಳಿಗೆ ಕಡಲೆಕಾಯಿ ಬೀಜ, ಗೋಡಂಬಿ ಒಳಗೆ ತರುವಂತಿಲ್ಲ, ಅಲರ್ಜಿ ಇರುವ ಮಕ್ಕಳಿಗೆ ಅದು ಪ್ರಾಣಾಪಾಯ. ನಮ್ಮ ಚಿತ್ರಾನ್ನ, ಪುಳಿಯೋಗರೆ ಎರಡರಲ್ಲೂ ಕಡಲೆಕಾಯಿ ಬೀಜ ಇರುತ್ತದೆ. ಪುಳಿಯೋಗರೆಯಲ್ಲಿ ಎಳ್ಳೂ ಇರುತ್ತದೆ, ಅದಕ್ಕೂ ಕೆಲವು ಮಕ್ಕಳಿಗೆ ಅಲರ್ಜಿ. ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಸ್ವಲ್ಪ ಜಾಸ್ತಿ ಹಾಕಿ, ಅದೇ ಗರಿಗರಿ ಸಾಕು. ಮೊದಲು ಶಾಲೆಯ ನಿಯಮ ಕೇಳಿಕೊಳ್ಳಿ.

ತಿಂಡಿಗೆ ವಾರದಲ್ಲಿ ಎರಡು ದಿನ ದೋಸೆ ಹಿಟ್ಟು ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ಶನಿವಾರ ಕನ್ನಡ ಶಾಲೆಗೆ ಹೊರಡುವ ಮುಂಚೆ ಅಕ್ಕಿ, ಉದ್ದು, ಒಂದು ಚಮಚ ಮೆಂತ್ಯ ನೆನೆಹಾಕಿ. ಮಧ್ಯಾಹ್ನ ಮೇಲೆ ರುಬ್ಬಿ. ಊರಲ್ಲಿ ರಾತ್ರಿ ರುಬ್ಬಿದ್ದು ಬೆಳಿಗ್ಗೆ ಉಕ್ಕಿರುತ್ತದೆ, ಇಲ್ಲಿ ಜನವರಿಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಮರುದಿನ ಮಧ್ಯಾಹ್ನವಾದರೂ ಕಲ್ಲಿನ ಹಾಗೆ ಕೂತಿರುತ್ತದೆ. ಹಿಟ್ಟು ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗೆ ಬೇಕು, ಸುಮಾರು 28ರಿಂದ 32 ಡಿಗ್ರಿ. ಓವನ್ ಆರಿಸಿಟ್ಟು ಒಳಗಿನ ದೀಪ ಮಾತ್ರ ಹಾಕಿ ಅದರಲ್ಲಿ ಪಾತ್ರೆ ಇಡಿ, ಕೆಳಗೆ ಒಂದು ತಟ್ಟೆ ಇರಲಿ. ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ" ಅಂತ ದೊಡ್ಡದಾಗಿ ಒಂದು ಚೀಟಿ ಅಂಟಿಸಿ. ಚೀಟಿ ಬರೆಯೋದು ಮಕ್ಕಳ ಕೆಲಸ. ಒತ್ತಕ್ಷರ ಅಭ್ಯಾಸವೂ ಆಯಿತು, ಪಿಜ್ಜಾ ಮಾಡೋಕೆ ಯಾರೋ ಓವನ್ ಹಚ್ಚೋದೂ ತಪ್ಪಿತು. ಉಳಿದ ದಿನಕ್ಕೆ ಅವಲಕ್ಕಿ, ಉಪ್ಪಿಟ್ಟು, ಇಲ್ಲವೆಂದರೆ ಬ್ರೆಡ್ಡು. ಬ್ರೆಡ್ ಕೊಟ್ಟರೆ ತಾಯ್ತನಕ್ಕೆ ಮಾರ್ಕ್ಸ್ ಕಡಿಮೆ ಆಗಲ್ಲ.

ಇಷ್ಟು ಕೆಲಸ ಬೆಳಗಿನಿಂದ ಕಳಚಿದರೆ ತಿಂಡಿಗೆ ಎಲ್ಲರೂ ಹದಿನೈದು ನಿಮಿಷ ಒಟ್ಟಿಗೆ ಕೂರಬಹುದು. ಇದು ಮುಖ್ಯ. ನಮ್ಮಲ್ಲಿ ಎಲ್ಲರೂ ಸೇರಿ ಊಟ ಮಾಡೋದು ರಾತ್ರಿ, ಎಂಟೂವರೆಗೋ ಒಂಬತ್ತಕ್ಕೋ. ಆ ಪದ್ಧತಿ ಇಲ್ಲಿ ಪುಟ್ಟ ಮಕ್ಕಳ ನಿದ್ದೆಯ ಜೊತೆ ಜಗಳವಾಡುತ್ತದೆ. ಅಪ್ಪ ಬರೋದು ಏಳಕ್ಕೆ, ಮಗು ಉಣ್ಣಬೇಕಾದದ್ದು ಆರೂಕಾಲಿಗೆ. ಅಪ್ಪನಿಗಾಗಿ ಕಾದರೆ ಮಗು ಕಣ್ಣು ಉಜ್ಜಿಕೊಂಡು ಅಳ್ತಾ ಉಣ್ಣುತ್ತದೆ. ಕಾಯಬೇಡಿ. ಒಟ್ಟಿಗೆ ಕೂರುವ ಹೊತ್ತನ್ನು ಬೆಳಗಿಗೆ ತನ್ನಿ, ಮಗುವಿನ ರಾತ್ರಿ ಊಟ ಅದರ ಹೊತ್ತಿಗೆ ಆಗಲಿ. ಶನಿವಾರ, ಭಾನುವಾರ ಬೇಕಾದರೆ ರಾತ್ರಿ ಒಟ್ಟಿಗೆ ಉಣ್ಣಿ.

ಬೆಳಗಿನ ತಿಂಡಿ ಇನ್ನೊಂದಕ್ಕೂ ಅನುಕೂಲ: ಊರಿಗೆ ಫೋನು. ಭಾರತ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಚಳಿಗಾಲದಲ್ಲಿ ಸಂಜೆ ಆರಕ್ಕೆ ಮಗು ಫೋನ್ ಹಿಡಿದರೆ ಅಲ್ಲಿ ರಾತ್ರಿ ಹನ್ನೊಂದೂವರೆ, ಅಜ್ಜಿ ಮಲಗಿ ಎಷ್ಟೋ ಹೊತ್ತಾಗಿರುತ್ತದೆ. ಬೆಳಿಗ್ಗೆ 7.30ಕ್ಕೆ ಮಾಡಿದರೆ ಅಲ್ಲಿ ಮಧ್ಯಾಹ್ನ 1 ಗಂಟೆ, ಅಜ್ಜಿ ತಾತ ಊಟಕ್ಕೆ ಕೂತಿರುತ್ತಾರೆ. ಫೋನನ್ನು ಮೇಜಿನ ಮೇಲೆ ಡಬ್ಬಿಗೆ ಒರಗಿಸಿ ಇಟ್ಟುಬಿಡಿ. ಇಲ್ಲಿ ಉಪ್ಪಿಟ್ಟು, ಅಲ್ಲಿ ಅನ್ನ ಸಾರು. "ಅಜ್ಜಿಗೆ ಹಾಯ್ ಹೇಳು, ಶ್ಲೋಕ ಹೇಳು" ಅಂತ ಪರೀಕ್ಷೆ ಮಾಡಬೇಡಿ. "ಏನ್ ತಿಂತಿದ್ದೀಯ ಪುಟ್ಟ?" ಅಂತ ಅಜ್ಜಿ ಕೇಳೇ ಕೇಳ್ತಾರೆ. ಅದು ಆಜ್ಞೆ ಅಲ್ಲ, ಪ್ರಶ್ನೆ. ಅದಕ್ಕೆ ಉತ್ತರ ಕೊಡೋಕೆ ಬಾಯಿ ತೆರೆಯಲೇಬೇಕು. ವಾರಕ್ಕೆ ಎರಡು ಬೆಳಿಗ್ಗೆ, ಹತ್ತು ಹತ್ತು ನಿಮಿಷ ಸಾಕು.

ಈಗ ಸಂಜೆ. ಸಂಜೆಯ ನಿಧಾನದ ಹೊತ್ತು ಅಂದರೆ ಸ್ನಾನದ ನಂತರ ದೀಪ ಆರಿಸುವ ಮುಂಚಿನ ಅರ್ಧ ಗಂಟೆ. ಶಾಲೆಯ ಇಂಗ್ಲಿಷ್ ಓದಿಗೆ ಹತ್ತು ನಿಮಿಷ ಬೇಕು, ಅದನ್ನು ಊಟಕ್ಕೆ ಮುಂಚೆ ಅಡುಗೆಮನೆಯ ಮೇಜಿನ ಮೇಲೆ, ಕುಕ್ಕರ್ ಕೂಗುವಾಗ ಮುಗಿಸಿಬಿಡಿ. ಹಾಸಿಗೆಯನ್ನು ಕನ್ನಡಕ್ಕೆ ಕೊಡಿ. ಪುಸ್ತಕ ಇದ್ದರೆ ಸರಿ, ಇಲ್ಲದಿದ್ದರೆ ನಿಮ್ಮ ಬಾಲ್ಯದ ಕಥೆ. ಮಕ್ಕಳಿಗೆ ಪಂಚತಂತ್ರಕ್ಕಿಂತ "ಅಮ್ಮ ಚಿಕ್ಕೋಳಿದ್ದಾಗ" ಅನ್ನುವ ಕಥೆಯೇ ಹೆಚ್ಚು ಇಷ್ಟ. ಅಮ್ಮ ಮಾವಿನ ಮರ ಹತ್ತಿ ಇಳಿಯೋಕೆ ಬಾರದೆ ಕೂತದ್ದು, ತಾತನ ಸೈಕಲ್ಲು, ಕರೆಂಟು ಹೋದ ರಾತ್ರಿ ಛಾವಣಿ ಮೇಲೆ ಮಲಗಿದ್ದು. ಒಂದೇ ಕಥೆ ನೂರು ಸಲ ಕೇಳ್ತಾರೆ. ಹೇಳಿ. ಮೂರನೇ ಸಲಕ್ಕೆ "ಆಮೇಲೆ ಏನಾಯ್ತು?" ಅಂತ ನೀವೇ ಕೇಳಿ ನಿಲ್ಲಿಸಿ, ಮುಂದಿನದನ್ನು ಅವರು ಹೇಳ್ತಾರೆ. ಆ ಅರ್ಧ ಗಂಟೆ ಫೋನು, ಟ್ಯಾಬ್ ಇನ್ನೊಂದು ಕೋಣೆಯಲ್ಲಿರಲಿ, ನಿಮ್ಮದೂ ಸಹ.

ಉಳಿದ ಹೊತ್ತಿನ ಆಜ್ಞೆಗಳಲ್ಲಿ ಕೆಲವನ್ನು ಪ್ರಶ್ನೆ ಮಾಡಬಹುದು. "ಶರ್ಟು ಹಾಕ್ಕೋ" ಅನ್ನೋ ಬದಲು "ಕೆಂಪಂಗಿನಾ, ನೀಲಿನಾ?" "ತಿನ್ನು" ಅನ್ನೋ ಬದಲು "ಮೊಸರು ಬೇಕಾ, ತುಪ್ಪ ಬೇಕಾ?" ಮಗು "ರೆಡ್" ಅಂದರೆ ತಿದ್ದಬೇಡಿ. "ಓ, ಕೆಂಪು ಬೇಕಾ, ತಗೋ" ಅಂತ ಕೊಟ್ಟುಬಿಡಿ. ನಾಳೆ ಅಥವಾ ಮುಂದಿನ ತಿಂಗಳು "ಕೆಂಪು" ಅನ್ನುತ್ತದೆ.

ಅಪ್ಪಂದಿರೇ, ಒಂದು ಮಾತು. "ನಾನೂ ಸಹಾಯ ಮಾಡ್ತೀನಿ" ಅನ್ನೋದು ಒಳ್ಳೆಯ ಮನಸ್ಸೇ, ಆದರೆ ದಿನಚರಿಯಲ್ಲಿ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಸಹಾಯ ಅಂದರೆ ಏನು, ಯಾವಾಗ, ಹೇಗೆ ಅಂತ ಅಮ್ಮ ನೆನಪಿಟ್ಟು ಹೇಳ್ತಾ ಇರಬೇಕು. ಕೈ ಎರಡು ಹೆಚ್ಚಾದವು, ತಲೆ ಒಂದೇ ಉಳಿಯಿತು. ಬದಲಿಗೆ ಒಂದು ಇಡೀ ಕೆಲಸವನ್ನು ತಗೊಳ್ಳಿ. ಸ್ನಾನ ಅಂದರೆ ಸ್ನಾನದ ಎಲ್ಲವೂ: ಟವೆಲ್ ಎಲ್ಲಿದೆ, ಶಾಂಪೂ ಮುಗಿದಿದೆಯಾ, ಇವತ್ತು ತಲೆಸ್ನಾನದ ದಿನವಾ, ಒದ್ದೆ ನೆಲ ಒರೆಸೋದು ಯಾರು. ಇದರಲ್ಲಿ ಒಂದನ್ನೂ ಅಮ್ಮನನ್ನು ಕೇಳದೆ ಮುಗಿಸಿದರೆ ಮಾತ್ರ ಆ ಕೆಲಸ ಅವಳ ತಲೆಯಿಂದ ಇಳಿಯಿತು ಅಂತ ಅರ್ಥ. ಮನೆಗೆ ಬರೋದು ತಡ ಅನ್ನುವವರು ಬೆಳಗಿನ ಒಂದು ಕೆಲಸ ಹಿಡಿಯಲಿ. ಅಮ್ಮಂದಿರಿಗೂ ಒಂದು ಮಾತು: ಅಪ್ಪ ಜಡೆ ಹೆಣೆದದ್ದು ಸೊಟ್ಟ ಆಗಿದ್ದರೆ ಬಿಚ್ಚಿ ಮತ್ತೆ ಹೆಣೆಯಬೇಡಿ. ಸೊಟ್ಟ ಜಡೆಯಲ್ಲೇ ಶಾಲೆಗೆ ಹೋಗಲಿ.

ಮಕ್ಕಳು ಮಲಗಿದ ಮೇಲಿನ ಹೊತ್ತಿನ ಬಗ್ಗೆ ಯಾರೂ ದಿನಚರಿಯಲ್ಲಿ ಬರೆಯಲ್ಲ. ಎಂಟು ಗಂಟೆಗೆ ಮನೆ ನಿಶ್ಶಬ್ದ ಆಗುತ್ತದೆ. ಪಾತ್ರೆ, ಬಟ್ಟೆ, ನಾಳೆಯ ತಯಾರಿ, ಆಫೀಸಿನ ಉಳಿದ ಈಮೇಲ್ ಎಲ್ಲಾ ಮುಗಿಯುವಾಗ ಹತ್ತೂವರೆ. ಆಮೇಲೆ "ಈಗ ನನ್ನ ಹೊತ್ತು" ಅಂತ ಸೋಫಾದಲ್ಲಿ ಕೂತು ಫೋನ್ ತೆಗೆದರೆ ಹನ್ನೆರಡೂವರೆ. ಬೆಳಿಗ್ಗೆ ಆರಕ್ಕೆ ಮತ್ತೆ ಅಲಾರಂ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಇದು ಐದೂವರೆ. ನಿದ್ದೆಗೆಟ್ಟ ಅಮ್ಮನ ಬೆಳಗು ಹೇಗಿರುತ್ತದೆ ಅಂತ ಮಕ್ಕಳನ್ನು ಕೇಳಿ, ಅವರು ಹೇಳ್ತಾರೆ. ಹಾಗಂತ ನಿಮ್ಮ ಹೊತ್ತನ್ನು ಬಿಟ್ಟುಕೊಡಿ ಅಂತ ನಾನು ಹೇಳಲ್ಲ. ಅದನ್ನು ಕೊನೆಗೆ ಇಡಬೇಡಿ ಅಂತ ಹೇಳ್ತೀನಿ. ಎಂಟರಿಂದ ಎಂಟೂವರೆ ನಿಮ್ಮದು: ಕಾಫಿಯೋ, ಪುಸ್ತಕವೋ, ಅಕ್ಕನ ಜೊತೆ ಹರಟೆಯೋ. ಪಾತ್ರೆ ಆಮೇಲೆ. ಪಾತ್ರೆಗೆ ಕಾಯೋಕೆ ಬರುತ್ತದೆ.

ಊರಿನ ಕ್ರಮವನ್ನು ಇಲ್ಲಿ ಹಾಗೇ ನಡೆಸೋಕೆ ಆಗದಿರೋದಕ್ಕೆ ಇನ್ನೊಂದು ದೊಡ್ಡ ಕಾರಣ ಸೂರ್ಯ. ಕನ್ನಡದಲ್ಲಿ "ಹೊತ್ತು" ಅಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಅಂತೀವಲ್ಲ. ಬೆಂಗಳೂರಿನಲ್ಲಿ ಇಡೀ ವರ್ಷ ಸೂರ್ಯ ಮುಳುಗೋ ಹೊತ್ತು ಸುಮಾರು ಒಂದು ಗಂಟೆ ಮಾತ್ರ ಆಚೀಚೆ ಆಗುತ್ತದೆ, ಆರರ ಆಸುಪಾಸಿನಿಂದ ಆರೂ ಮುಕ್ಕಾಲು. ದೀಪ ಹಚ್ಚೋ ಹೊತ್ತಾಯ್ತು, ಮಕ್ಕಳು ಒಳಗೆ ಬಂದವು, ಕೈಕಾಲು ತೊಳೆದವು. ಗಡಿಯಾರ ನೋಡಬೇಕಾಗಿಯೇ ಇರಲಿಲ್ಲ. ಲಂಡನ್ನಿನಲ್ಲಿ ಡಿಸೆಂಬರ್ ಮೂರನೇ ವಾರ ಸೂರ್ಯ ಮುಳುಗೋದು ಮಧ್ಯಾಹ್ನ 4ಕ್ಕೂ ಮುಂಚೆ, ಜೂನ್ ಮೂರನೇ ವಾರ ರಾತ್ರಿ 9.20ಕ್ಕೆ. ಇಲ್ಲಿ ಹೊತ್ತನ್ನು ನಂಬಿ ದಿನಚರಿ ಮಾಡಿದರೆ ಮಕ್ಕಳು ಡಿಸೆಂಬರಿನಲ್ಲಿ ನಾಲ್ಕಕ್ಕೇ ಮಲಗಬೇಕು, ಜೂನಿನಲ್ಲಿ ಮಲಗಲೇಬಾರದು.

ಕತ್ತಲಾದರೆ ನಮ್ಮ ಮಿದುಳು ಮೆಲಟೋನಿನ್ ಅನ್ನೋ ಒಂದು ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ, ಅದು ದೇಹಕ್ಕೆ "ರಾತ್ರಿ ಆಯ್ತು" ಅನ್ನೋ ಸುದ್ದಿ. ಬೆಳಕು ಬಿದ್ದರೆ ಅದು ಕಡಿಮೆಯಾಗುತ್ತದೆ. ಜೂನ್ ತಿಂಗಳಲ್ಲಿ 7.30ಕ್ಕೆ ಹಾಸಿಗೆಗೆ ಹೋಗು ಅಂದರೆ "ಇನ್ನೂ ಬೆಳಕಿದೆ ಅಮ್ಮ!" ಅಂತ ಮಗು ವಾದಿಸೋದು ಹಟ ಅಲ್ಲ, ಅದರ ದೇಹ ಅದಕ್ಕೆ ಹಾಗೇ ಹೇಳ್ತಿದೆ. ಹಾಗಾಗಿ ಬೇಸಿಗೆಯಲ್ಲಿ ಕತ್ತಲೆಯನ್ನು ನಾವೇ ಮಾಡಬೇಕು. ದಪ್ಪ ಪರದೆ ಹಾಕಿ, ಸ್ನಾನಕ್ಕೆ ಮುಂಚೆಯೇ ಮಲಗುವ ಕೋಣೆಯ ಪರದೆ ಎಳೆದುಬಿಡಿ. ಚಳಿಗಾಲದಲ್ಲಿ ತಿರುಗಾಮುರುಗಾ: ಬೆಳಕು ಸಿಕ್ಕಾಗ ಹಿಡಿಯಬೇಕು. ಶಾಲೆ ಬಿಟ್ಟ ಮಕ್ಕಳನ್ನು ಮನೆಗೆ ಕರೆತಂದು ತಿಂಡಿ ಕೊಟ್ಟು ಆಮೇಲೆ ಪಾರ್ಕಿಗೆ ಅಂದರೆ ಅಷ್ಟರಲ್ಲಿ ಕತ್ತಲು. ಶಾಲೆಯಿಂದ ನೇರ ಪಾರ್ಕಿಗೆ ಹೋಗಿ, ಚೀಲದಲ್ಲಿ ಒಂದು ಬಾಳೆಹಣ್ಣು ಇಟ್ಟುಕೊಂಡಿರಿ.

ಇದರ ಮೇಲೆ ಗಡಿಯಾರ ತಿರುಗಿಸುವ ಕಾಟ ಬೇರೆ. ವಿಲಿಯಂ ವಿಲೆಟ್ ಅನ್ನೋ ಕಟ್ಟಡದ ಕಂತ್ರಾಟುದಾರ 1907ರಲ್ಲಿ ಒಂದು ಕಿರುಪುಸ್ತಕ ಬರೆದು ಬೇಸಿಗೆಯ ಬೆಳಗಿನ ಬೆಳಕು ಹಾಳಾಗ್ತಿದೆ ಅಂತ ವಾದಿಸಿದ. ಬ್ರಿಟನ್ 1916ರಲ್ಲಿ ಅದನ್ನು ಜಾರಿಗೆ ತಂದಿತು. ಪುಣ್ಯಾತ್ಮನ ಮನೆಯಲ್ಲಿ ಮಕ್ಕಳನ್ನು ಮಲಗಿಸುವ ಕೆಲಸ ಯಾರದಾಗಿತ್ತೋ. ಈಗ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ. ನಿನ್ನೆ ಎಂಟಕ್ಕೆ ಮಲಗಿದ ಮಗುವಿಗೆ ಮಾರ್ಚಿನ ಆ ಭಾನುವಾರದ ಎಂಟು ಗಂಟೆ ಅಂದರೆ ದೇಹದ ಲೆಕ್ಕದಲ್ಲಿ ಏಳು. ನಿದ್ದೆ ಹೇಗೆ ಬರಬೇಕು? ಅದಕ್ಕೆ ಹಿಂದಿನ ಬುಧವಾರದಿಂದಲೇ ದಿನಕ್ಕೆ ಹದಿನೈದು ನಿಮಿಷ ಬೇಗ ಮಲಗಿಸುತ್ತಾ, ಬೇಗ ಎಬ್ಬಿಸುತ್ತಾ ಬನ್ನಿ. ನಾಲ್ಕು ದಿನಕ್ಕೆ ಒಂದು ಗಂಟೆ ಸರಿಹೋಗುತ್ತದೆ. ಅಕ್ಟೋಬರಿನಲ್ಲಿ ಹದಿನೈದು ಹದಿನೈದು ನಿಮಿಷ ತಡ ಮಾಡುತ್ತಾ ಬನ್ನಿ. ಅಜ್ಜಿಗೂ ಒಂದು ಮಾತು ತಿಳಿಸಿಡಿ, ಇಲ್ಲದಿದ್ದರೆ ಫೋನಿಗೆ ಕಾದು ಕೂತಿರುತ್ತಾರೆ.

ಜ್ವರ ಬಂದ ವಾರ, ಹಾಫ್ ಟರ್ಮ್, ಊರಿಂದ ನೆಂಟರು ಬಂದಾಗ ಈ ಯಾವುದೂ ನಡೆಯಲ್ಲ. ನಡೆಯದಿರಲಿ. ಏಳುವ ಹೊತ್ತು, ಮಲಗುವ ಹೊತ್ತು ಎರಡನ್ನು ಮಾತ್ರ ಆದಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವೆರಡು ಗೂಟ ನೆಟ್ಟಗಿದ್ದರೆ ನಡುವಿನ ಬಟ್ಟೆ ಎಷ್ಟು ಹಾರಾಡಿದರೂ ಮತ್ತೆ ಎಳೆದು ಕಟ್ಟಬಹುದು.

ಈಗ ಮಕ್ಕಳಿಗೆ

ಗಂಟೆ, ನಿಮಿಷ ನಿಮಗೆ ಗೊತ್ತು. ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಯ ಕಾಲದಲ್ಲಿ ಅವು ಇರಲಿಲ್ಲ. ಆಗ ದಿನವನ್ನು 60 ಗಳಿಗೆ ಮಾಡುತ್ತಿದ್ದರು. ದಿನಕ್ಕೆ 24 ಗಂಟೆ, ಹಾಗಾದರೆ ಒಂದು ಗಳಿಗೆಗೆ ಎಷ್ಟು ನಿಮಿಷ? ಲೆಕ್ಕ ಮಾಡಿ, ಆಮೇಲೆ ಮುಂದಿನ ಸಾಲು ಓದಿ.

24 ನಿಮಿಷ. ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, 48 ನಿಮಿಷ. ದಿನವನ್ನು ಎಂಟು ಭಾಗ ಮಾಡಿದರೆ ಒಂದೊಂದೂ ಒಂದು ಜಾವ, ಅಂದರೆ ಮೂರು ಗಂಟೆ. "ಬೆಳಗಿನ ಜಾವ" ಅಂತ ಅಜ್ಜಿ ಹೇಳೋದು ಕೇಳಿದ್ದೀರಲ್ಲ, ಅದೇ ಜಾವ.

ಗಳಿಗೆ ಅಳೆಯೋಕೆ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತು ಇರುವ ಲೋಹದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ತೂತಿನಿಂದ ನೀರು ನಿಧಾನವಾಗಿ ಒಳಗೆ ಬಂದು ಬಟ್ಟಲು ಮುಳುಗಿದರೆ ಒಂದು ಗಳಿಗೆ ಆಯಿತು ಅಂತ ಲೆಕ್ಕ. ನೀವೂ ಮಾಡಿ ನೋಡಬಹುದು. ಹಳೇ ಮೊಸರಿನ ಪ್ಲಾಸ್ಟಿಕ್ ಕಪ್ ತಗೊಂಡು ತಳದಲ್ಲಿ ಸೂಜಿಯಿಂದ ಒಂದು ತೂತು ಮಾಡಿ (ಸೂಜಿ ಹಿಡಿಯೋದು ದೊಡ್ಡವರು), ಬಕೆಟ್ ನೀರಿನ ಮೇಲೆ ತೇಲಿಬಿಡಿ. ನೆಟ್ಟಗೆ ನಿಲ್ಲದಿದ್ದರೆ ಒಳಗೆ ಎರಡು ಕಾಸು ಹಾಕಿ, ತೂತನ್ನು ಮುಚ್ಚಬೇಡಿ. ಎಷ್ಟು ನಿಮಿಷಕ್ಕೆ ಮುಳುಗುತ್ತದೆ ಬರೆದಿಡಿ. ತೂತು ದೊಡ್ಡದಾದರೆ ಬೇಗ, ಚಿಕ್ಕದಾದರೆ ತಡ. ಸರಿಯಾಗಿ 24 ನಿಮಿಷಕ್ಕೆ ಮುಳುಗುವ ಕಪ್ ಮಾಡಿದವರು ಶನಿವಾರ ಶಾಲೆಗೆ ತನ್ನಿ, ಎಲ್ಲರಿಗೂ ತೋರಿಸೋಣ.

ಆಮೇಲೆ ದಿನಚರಿಯ ಪಟ್ಟಿ. ಇದನ್ನು ಅಮ್ಮ ಬರೆದರೆ ಅದು ಅಮ್ಮನ ಪಟ್ಟಿ, ನೀವು ಬರೆದರೆ ನಿಮ್ಮದು. ದೊಡ್ಡ ಕಾಗದದ ಮೇಲೆ ಚಿತ್ರ ಬರೆದು, ಪಕ್ಕದಲ್ಲಿ ಒಂದೊಂದು ಪದ ಕನ್ನಡದಲ್ಲಿ: ಏಳು, ಹಲ್ಲು, ತಿಂಡಿ, ಶಾಲೆ, ಆಟ, ಊಟ, ಸ್ನಾನ, ಕಥೆ, ನಿದ್ದೆ. ಫ್ರಿಜ್ ಮೇಲೆ, ನಿಮ್ಮ ಕಣ್ಣಿನ ಎತ್ತರಕ್ಕೆ ಅಂಟಿಸಿ. ಅಮ್ಮ "ಹಲ್ಲುಜ್ಜು, ಹಲ್ಲುಜ್ಜು" ಅಂತ ಹತ್ತು ಸಲ ಹೇಳೋ ಬದಲು "ಪಟ್ಟಿಯಲ್ಲಿ ಮುಂದೆ ಏನಿದೆ?" ಅಂತ ಒಂದೇ ಸಲ ಕೇಳಬೇಕು. ಉತ್ತರ ನೀವು ಹೇಳಬೇಕು. ಹಲ್ಲು ಅಂದರೆ ಎರಡು ನಿಮಿಷ, ದಿನಕ್ಕೆ ಎರಡು ಸಲ. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ, ಟೂತ್‌ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿಯಬೇಕು.

ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಲಸವೂ ಒಂದಿರಲಿ. ಮೂರು ವರ್ಷದವರು ಕೊಳೆ ಬಟ್ಟೆಯನ್ನು ಬುಟ್ಟಿಗೆ ಹಾಕಬಹುದು, ಐದು ವರ್ಷದವರು ಊಟಕ್ಕೆ ತಟ್ಟೆ ಚಮಚ ಇಡಬಹುದು, ಏಳು ವರ್ಷದವರು ತಮ್ಮ ಚೀಲ ತಾವೇ ತುಂಬಿಕೊಂಡು ತಂಗಿಯ ನೀರಿನ ಬಾಟಲಿಯನ್ನೂ ತುಂಬಬಹುದು.

ಗಂಟೆಗಳನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ. ಅಕ್ಟೋಬರ್ ಕೊನೆಯ ವಾರ ರಬ್ಬರ್ ಬೇಕಾಗುತ್ತದೆ.